ಗೊರಕೆ ನಿಲ್ಲಿಸುವ ಸಾಧನಗಳು ಮತ್ತು ಪರಿಹಾರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಪಿ.ಜೆ. ಬಡಾವಣೆಯ ಔಷಧ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್ ಆಗಿರುವ ನನ್ನಲ್ಲಿ ಜನರು ದನಿ ತಗ್ಗಿಸಿ ಕೇಳುವ ವಿಷಯಗಳಲ್ಲಿ ಗೊರಕೆಯೂ ಒಂದು. ಕೆಲವರು ಮೊಬೈಲಿನಲ್ಲಿ ಬಂದ ಜಾಹೀರಾತನ್ನು ತೋರಿಸಿ ಅದೇ ವಸ್ತು ಬೇಕೆನ್ನುತ್ತಾರೆ. ಜಗಳೂರು, ಹೊನ್ನಾಳಿ, ಹೊಳಲ್ಕೆರೆ ಕಡೆಯ ಕೆಲವರು ಪತ್ರ ಅಥವಾ ಸಂದೇಶ ಕಳುಹಿಸುತ್ತಾರೆ. ಆ ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲಿಯೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ಎಲ್ಲ ಉತ್ತರಗಳ ಹಿಂದೆಯೂ ಒಂದೇ ಕಾಳಜಿಯಿದೆ: ಸದ್ದು ಅಡಗಿಸುವ ವಸ್ತುವಿಗೆ ದುಡ್ಡು ಹಾಕುವ ಮೊದಲು, ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆಯೇ ಎಂಬುದು ಮನೆಯವರಿಗೆ ತಿಳಿದಿರಬೇಕು.

## ಮೊದಲು ತಿಳಿಯಬೇಕಾದದ್ದು

ಗೊರಕೆ ಬರೋದು ಸುಸ್ತಾಗಿ ಗಾಢವಾಗಿ ಮಲಗಿದವರಿಗೆ ತಾನೇ? ಅದು ಒಳ್ಳೆ ನಿದ್ದೆ ಅಲ್ವಾ?

ದಣಿದ ದಿನ ಗೊರಕೆ ಜೋರಾಗುವುದು ನಿಜ, ಆದರೆ ಅದು ಒಳ್ಳೆಯ ನಿದ್ದೆಯ ಗುರುತಲ್ಲ. ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ, ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಆ ಇಕ್ಕಟ್ಟಿನಲ್ಲಿ ಗಾಳಿ ರಭಸದಿಂದ ಹಾದುಹೋಗುವಾಗ ಮೃದು ಅಂಗುಳ, ಕಿರುನಾಲಿಗೆ ಮತ್ತು ಗಂಟಲಿನ ಗೋಡೆಗಳು, ಕಿಟಕಿಯ ಸಂದಿಯಿಂದ ನುಗ್ಗಿದ ಗಾಳಿಗೆ ಪರದೆ ಬಡಿದುಕೊಳ್ಳುವಂತೆ, ಅದುರುತ್ತವೆ. ಇಕ್ಕಟ್ಟು ಎಲ್ಲಿದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ: ಒಬ್ಬರಿಗೆ ಮೂಗಿನಲ್ಲಿ, ಇನ್ನೊಬ್ಬರಿಗೆ ಅಂಗುಳದಲ್ಲಿ, ಮತ್ತೊಬ್ಬರಿಗೆ ನಾಲಿಗೆಯ ಹಿಂದೆ, ಹಲವರಿಗೆ ಒಂದಕ್ಕಿಂತ ಹೆಚ್ಚು ಕಡೆ. ಪಕ್ಕದ ಮನೆಯವರಿಗೆ ಒಗ್ಗಿದ ಸಾಧನ ನಿಮಗೆ ಏನೂ ಮಾಡದಿರುವುದಕ್ಕೆ ಕಾರಣ ಇದೇ.

ನಮ್ಮ ಮನೆಯವ್ರದು ಬರೀ ಸದ್ದೋ, ಕಾಯಿಲೆಯೋ ಅಂತ ಹೆಂಗ್ರೀ ಗೊತ್ತಾಗೋದು?

ಇದಕ್ಕೆ ಮೊದಲ ಸಾಕ್ಷಿ ಪಕ್ಕದಲ್ಲಿ ಮಲಗುವವರು. ರಾತ್ರಿಯಿಡೀ ಒಂದೇ ಸಮನೆ ಕೇಳಿಸುವ ಗೊರಕೆಗಿಂತ, ಏರುತ್ತ ಹೋಗಿ ಥಟ್ಟನೆ ನಿಂತು, ಹತ್ತಿಪ್ಪತ್ತು ಸೆಕೆಂಡು ಸದ್ದಿಲ್ಲದೆ, ಆಮೇಲೆ ಉಸಿರುಕಟ್ಟಿ ಬೆಚ್ಚಿದವರಂತೆ ಗಾಳಿ ಎಳೆದುಕೊಂಡು ಮತ್ತೆ ಶುರುವಾಗುವ ಗೊರಕೆಯ ಬಗ್ಗೆ ಎಚ್ಚರ ಬೇಕು. ಆ ಸದ್ದಿಲ್ಲದ ಹೊತ್ತಿನಲ್ಲಿ ಎದೆ, ಹೊಟ್ಟೆ ಏರಿಳಿಯುತ್ತಿದ್ದರೂ ಗಂಟಲು ಮುಚ್ಚಿರುವುದರಿಂದ ಗಾಳಿ ಒಳಗೆ ಹೋಗುತ್ತಿರುವುದಿಲ್ಲ. ಇದನ್ನು ವೈದ್ಯರು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಬೆಳಿಗ್ಗೆ ತಲೆನೋವು, ಬಾಯಿ ಒಣಗುವುದು, ರಾತ್ರಿ ಮೂತ್ರಕ್ಕೆ ಹಲವು ಬಾರಿ ಏಳುವುದು, ಹಗಲಿನ ತೂಕಡಿಕೆ, ಎರಡು ಮೂರು ಮಾತ್ರೆ ನುಂಗಿದರೂ ಹತೋಟಿಗೆ ಬಾರದ ಬಿ.ಪಿ. ಇವು ಜೊತೆಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

2008ರಲ್ಲಿ ಪ್ರಕಟವಾದ ‘ಸ್ಟಾಪ್-ಬ್ಯಾಂಗ್’ ಎಂಬ ಎಂಟು ಪ್ರಶ್ನೆಗಳ ಪಟ್ಟಿಯನ್ನು ಮನೆಯಲ್ಲೇ ಹಾಕಿ ನೋಡಬಹುದು: ಜೋರು ಗೊರಕೆ, ಹಗಲಿನ ಆಯಾಸ, ಉಸಿರು ನಿಂತದ್ದನ್ನು ಯಾರಾದರೂ ಕಂಡಿರುವುದು, ಬಿ.ಪಿ., ಅತಿ ಬೊಜ್ಜು, 50 ದಾಟಿದ ವಯಸ್ಸು, 40 ಸೆಂಟಿಮೀಟರಿಗಿಂತ ದಪ್ಪ ಕುತ್ತಿಗೆ, ಗಂಡಸಾಗಿರುವುದು. ಕುತ್ತಿಗೆಯ ಅಳತೆಗೆ ಟೈಲರ್ ಟೇಪ್ ಸಾಕು. ಅಂಗಿಯ ಕಾಲರ್ 16 ಇಂಚಿನ ಆಚೆಗಿದ್ದರೂ ಅಂದಾಜು ಸಿಗುತ್ತದೆ. ಎಂಟರಲ್ಲಿ ಮೂರಕ್ಕೆ ‘ಹೌದು’ ಎಂದಾದರೆ ವೈದ್ಯರಲ್ಲಿಗೆ ಹೋಗಬೇಕು, ಐದು ಅಥವಾ ಅದಕ್ಕಿಂತ ಹೆಚ್ಚಾದರೆ ಮುಂದೂಡಲೇಬಾರದು. ಹೋಗುವಾಗ ರಾತ್ರಿಯ ಗೊರಕೆಯನ್ನು ಎದೆಯ ಏರಿಳಿತವೂ ಕಾಣುವಂತೆ ಎರಡು ನಿಮಿಷ ಮೊಬೈಲಿನಲ್ಲಿ ಚಿತ್ರಿಸಿಕೊಂಡು ಹೋದರೆ ವೈದ್ಯರಿಗೆ ಬಹಳ ಅನುಕೂಲ.

ನಾನು ಸಣ್ಣಗಿದ್ದೀನಿ. ನನಗ್ಯಾಕೆ ಗೊರಕೆ?

ಬೊಜ್ಜು ದೊಡ್ಡ ಕಾರಣವೇ ಹೊರತು ಒಂದೇ ಕಾರಣವಲ್ಲ. ಕೆಳದವಡೆ ಚಿಕ್ಕದಾಗಿ ಹಿಂದಕ್ಕೆ ಸರಿದಿದ್ದರೆ ನಾಲಿಗೆಗೆ ಜಾಗ ಸಾಲದೆ ಅದು ಗಂಟಲಿನ ಕಡೆಗೆ ಒತ್ತುತ್ತದೆ. ಟಾನ್ಸಿಲ್ ದೊಡ್ಡದಿರುವುದು, ಮೂಗಿನ ನಡುಗೋಡೆ ಸೊಟ್ಟಗಿರುವುದು, ಥೈರಾಯ್ಡ್ ಕೊರತೆ ಇವುಗಳೂ ತೆಳ್ಳಗಿನವರಲ್ಲಿ ಗೊರಕೆ ತರುತ್ತವೆ. ಮೈಭಾರ, ಮಲಬದ್ಧತೆ, ಚಳಿ ತಡೆಯಲಾಗದಿರುವುದು ಗೊರಕೆಯ ಜೊತೆಗಿದ್ದರೆ ಮೊದಲು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸುವುದು ಮೇಲು.

ಹೆಣ್ಣುಮಕ್ಕಳು ಗೊರಕೆ ಅಂತ ಡಾಕ್ಟರ್ ಹತ್ರ ಹೋಗೋದಾ? ನಾಚಿಕೆ ಆಗುತ್ತೆ.

ಈ ನಾಚಿಕೆಯಿಂದಾಗಿಯೇ ಹೆಂಗಸರಲ್ಲಿ ರೋಗ ತಡವಾಗಿ ಪತ್ತೆಯಾಗುತ್ತದೆ. ಮುಟ್ಟು ನಿಂತ ಬಳಿಕ ಸ್ಲೀಪ್ ಆಪ್ನಿಯಾ ಹೆಚ್ಚುತ್ತದೆ. ಅವರಲ್ಲಿ ಜೋರು ಸದ್ದಿಗಿಂತ ನಿದ್ದೆ ಬಾರದಿರುವುದು, ಬೆಳಗಿನ ತಲೆನೋವು, ದಿನವಿಡೀ ಆಯಾಸ, ಮನಸ್ಸಿನ ಕುಗ್ಗು ಹೆಚ್ಚಾಗಿ ಕಾಣುತ್ತವೆ, ಮತ್ತು ಅವಕ್ಕೆಲ್ಲ ಮನೆಗೆಲಸವನ್ನೋ ವಯಸ್ಸನ್ನೋ ಕಾರಣವೆಂದು ಹೇಳಿ ಸುಮ್ಮನಾಗುತ್ತಾರೆ. ಬಸುರಿಯಲ್ಲಿ ಹೊಸದಾಗಿ ಗೊರಕೆ ಶುರುವಾದರೆ ಅದನ್ನು ಹೆರಿಗೆ ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ಬಸುರಿನ ಬಿ.ಪಿ.ಗೂ ಅದಕ್ಕೂ ನಂಟಿದೆ.

## ಖರ್ಚಿಲ್ಲದೆ ಮಾಡಬಹುದಾದದ್ದು

ಮಗ್ಗುಲಾಗಿ ಮಲಗಿಸಿದ್ರೆ ನಿಲ್ಲುತ್ತೆ, ಅಂಗಾತ ಆದ ಕೂಡ್ಲೇ ಮತ್ತೆ ಶುರು. ಏನಾದ್ರೂ ಉಪಾಯ ಐತಾ?

ಹೀಗೆ ಮಗ್ಗುಲಿಗೆ ನಿಲ್ಲುವ ಗೊರಕೆ ಸುಲಭದಲ್ಲಿ ಹತೋಟಿಗೆ ಬರುವ ಗುಂಪಿನದು. ಹಳೆಯ ಬನಿಯನ್ನಿನ ಹಿಂಬದಿಯಲ್ಲಿ, ಎರಡು ಹೆಗಲೆಲುಬುಗಳ ನಡುವೆ, ಒಂದು ಜೇಬು ಹೊಲಿದು, ಅದರೊಳಗೆ ಟೆನಿಸ್ ಚೆಂಡು ಹಾಕಿ ಬಾಯಿ ಹೊಲಿದುಬಿಡಿ. ಅಂಗಾತ ಹೊರಳಿದಾಗಲೆಲ್ಲ ಚೆಂಡು ಒತ್ತುವುದರಿಂದ ಎಚ್ಚರವಾಗದೆಯೇ ಮೈ ಮಗ್ಗುಲಿಗೆ ತಿರುಗುತ್ತದೆ. ಒತ್ತು ತಡೆಯಲಾಗದವರು ಚೆಂಡಿನ ಬದಲು ಕಾಲುಚೀಲಗಳನ್ನು ಗಟ್ಟಿಯಾಗಿ ಸುತ್ತಿ ಇಡಬಹುದು. ಎದೆಗೆ ಕಟ್ಟಿಕೊಂಡರೆ ಅಂಗಾತವಾದಾಗ ಮೆಲ್ಲನೆ ಕಂಪಿಸುವ ಸಾಧನಗಳೂ ಮಾರುಕಟ್ಟೆಯಲ್ಲಿವೆ; ಅವುಗಳ ಕೆಲಸವೂ ಇದೇ ಆದ್ದರಿಂದ ಬನಿಯನ್ನಿನಿಂದಲೇ ಆರಂಭಿಸಿ ನೋಡುವುದು ಒಳ್ಳೆಯದು.

ತಲೆಗೆ ಎರಡು ಮೂರು ದಿಂಬು ಇಟ್ಟರೆ ಕುತ್ತಿಗೆ ಮುಂದಕ್ಕೆ ಮಡಚಿ ಉಸಿರಿನ ದಾರಿ ಇನ್ನಷ್ಟು ಬಿಗಿಯಾಗುತ್ತದೆ. ಅದರ ಬದಲು ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಅರ್ಧ ಅಡಿಯಷ್ಟು ಎತ್ತರಿಸಿದರೆ ಬೆನ್ನು ಸಮೇತ ಮೈ ಇಳಿಜಾರಾಗಿ, ಹುಳಿತೇಗು ಇರುವವರಿಗೂ ಹಿತವಾಗುತ್ತದೆ.

ರಾತ್ರಿ ಒಂದೆರಡು ಪೆಗ್ ಹಾಕಿದ್ರೆ ನಿದ್ದೆ ಚೆನ್ನಾಗಿ ಬರುತ್ತೆ, ಆದ್ರೆ ಮನೇಲಿ ಬೈತಾರೆ. ಸಂಬಂಧ ಐತಾ?

ನೇರ ಸಂಬಂಧವಿದೆ. ಮದ್ಯವು ಗಂಟಲಿನ ಸ್ನಾಯುಗಳನ್ನು ಮತ್ತಷ್ಟು ಸಡಿಲಗೊಳಿಸುತ್ತದೆ, ಜೊತೆಗೆ ಉಸಿರು ಕಟ್ಟಿದಾಗ ಎಚ್ಚರಿಸಬೇಕಾದ ಮೆದುಳನ್ನು ಮಂದಗೊಳಿಸುತ್ತದೆ. ಮಲಗುವ ಮುಂಚಿನ ಮೂರು ನಾಲ್ಕು ಗಂಟೆಗಳಲ್ಲಿ ಅದು ಬೇಡ. ಇದೇ ಮಾತು ಆಲ್ಪ್ರಜೋಲಾಮ್ ತರಹದ ನಿದ್ದೆ ಮಾತ್ರೆಗಳಿಗೂ ಅನ್ವಯಿಸುತ್ತದೆ. ‘ಗೊರಕೆಯಿಂದ ನಿದ್ದೆ ಕೆಡುತ್ತದೆ, ಒಂದು ನಿದ್ದೆ ಮಾತ್ರೆ ಕೊಡಿ’ ಎಂದು ಚೀಟಿಯಿಲ್ಲದೆ ಕೇಳುವವರಿಗೆ ನಾನು ಕೊಡುವುದಿಲ್ಲ. ಉಸಿರು ಕಟ್ಟುವ ರೋಗವಿದ್ದವರಿಗೆ ಅದು ಅಪಾಯ. ಸಿಗರೇಟು, ಬೀಡಿಯ ಹೊಗೆಯಿಂದ ಮೂಗು ಮತ್ತು ಗಂಟಲಿನ ಒಳಪೊರೆ ಊದಿಕೊಳ್ಳುವುದರಿಂದ ಅವೂ ಗೊರಕೆಯನ್ನು ಹೆಚ್ಚಿಸುತ್ತವೆ.

ತೂಕ ಇಳಿಸಿದ್ರೆ ಖಂಡಿತ ನಿಲ್ಲುತ್ತಾ?

ಖಂಡಿತ ಎನ್ನಲಾಗದು, ಆದರೆ ತೂಕ ಹೆಚ್ಚಿರುವವರಿಗೆ ಇದಕ್ಕಿಂತ ಮೂಲಕ್ಕೆ ಹೋಗುವ ಉಪಾಯ ಬೇರೆಯಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದ ಪ್ರಕಾರ, ಮೈತೂಕ ಶೇ 10ರಷ್ಟು ಹೆಚ್ಚಿದವರಲ್ಲಿ ಗಂಟೆಗೆ ಉಸಿರು ಕಟ್ಟುವ ಸಂಖ್ಯೆ ಸುಮಾರು ಶೇ 32ರಷ್ಟು ಏರಿತು, ಶೇ 10ರಷ್ಟು ಇಳಿದವರಲ್ಲಿ ಸುಮಾರು ಶೇ 26ರಷ್ಟು ಇಳಿಯಿತು. 90 ಕೆ.ಜಿ. ಇರುವವರಿಗೆ ಇದು 9 ಕೆ.ಜಿ.ಯ ಮಾತು. ರಾತ್ರಿ ಹತ್ತರ ಮೇಲೆ ಬೆಣ್ಣೆ ದೋಸೆಯನ್ನೋ ಮಿರ್ಚಿ ಮಂಡಕ್ಕಿಯನ್ನೋ ತಿಂದು ನೇರ ಹಾಸಿಗೆಗೆ ಹೋಗುವ ರೂಢಿಯನ್ನು ಬಿಟ್ಟು, ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ ಕೊಡುವುದರಿಂದ ಆರಂಭಿಸಬಹುದು. ತೂಕ ಇಳಿಯುವವರೆಗೆ ಬೇರೆ ಚಿಕಿತ್ಸೆಯನ್ನು ತಡೆಹಿಡಿಯಬಾರದು. ಎರಡೂ ಜೊತೆಯಲ್ಲೇ ಸಾಗಬೇಕು.

## ಅಂಗಡಿ ಮತ್ತು ಆನ್‌ಲೈನ್ ವಸ್ತುಗಳು

ಮೂಗಿನ ಮೇಲೆ ಅಂಟಿಸೋ ಪಟ್ಟಿ ಕೆಲಸ ಮಾಡುತ್ತಾ?

ಮೂಗು ಕಟ್ಟುವುದರಿಂದ ಗೊರಕೆ ಬರುವವರಿಗೆ ಸ್ವಲ್ಪ ಮಾಡುತ್ತದೆ. ಕೊಳ್ಳುವ ಮೊದಲು ಕನ್ನಡಿಯ ಮುಂದೆ ನಿಂತು, ಎರಡು ಬೆರಳುಗಳನ್ನು ಮೂಗಿನ ಪಕ್ಕದ ಕೆನ್ನೆಯ ಮೇಲಿಟ್ಟು ಚರ್ಮವನ್ನು ಕಿವಿಯ ಕಡೆಗೆ ಮೆಲ್ಲನೆ ಎಳೆಯಿರಿ. ಆಗ ಉಸಿರು ಎದ್ದುಕಾಣುವಷ್ಟು ಸಲೀಸಾದರೆ ಪಟ್ಟಿಯಿಂದಲೂ ಅಷ್ಟೇ ಲಾಭ ನಿರೀಕ್ಷಿಸಬಹುದು, ಏಕೆಂದರೆ ಪಟ್ಟಿ ಮಾಡುವುದೂ ಮೂಗಿನ ಹೊಳ್ಳೆಯನ್ನು ಹೊರಗೆ ಎಳೆದು ಹಿಡಿಯುವ ಕೆಲಸವನ್ನೇ. ವ್ಯತ್ಯಾಸ ಕಾಣದಿದ್ದರೆ ದುಡ್ಡು ಉಳಿಸಿ. ಹೊಳ್ಳೆಯೊಳಗೆ ಇಟ್ಟು ಅದನ್ನು ಅಗಲಿಸುವ ಸಿಲಿಕೋನ್ ಸಾಧನಗಳಿಗೂ ಇದೇ ಪರೀಕ್ಷೆ ಸಾಕು. ಸ್ಲೀಪ್ ಆಪ್ನಿಯಾಕ್ಕೆ ಇವೆರಡೂ ಚಿಕಿತ್ಸೆಯಲ್ಲ.

ರಾತ್ರಿ ಮೂಗಿಗೆ ಎರಡು ಹನಿ ಓಟ್ರಿವಿನ್ ಬಿಟ್ಕೊಂಡ್ರೆ ಗೊರಕೆ ಬರಲ್ಲ. ದಿನಾ ಬಿಟ್ಕೋಬೋದಾ?

ಬಿಟ್ಟುಕೊಳ್ಳಬಾರದು. ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಇರುವ ಹನಿಗಳು ಊದಿದ ರಕ್ತನಾಳಗಳನ್ನು ಕುಗ್ಗಿಸಿ ಮೂಗನ್ನು ತೆರೆಯುತ್ತವೆ, ಆದರೆ ಮೂರರಿಂದ ಐದು ದಿನ ದಾಟಿದರೆ ಔಷಧದ ಪ್ರಭಾವ ಇಳಿದಾಗಲೆಲ್ಲ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ಆಗ ಇನ್ನೆರಡು ಹನಿ, ಮತ್ತೆ ಎರಡು ಹನಿ ಎಂದು ವರ್ಷಗಟ್ಟಲೆ ಅದೇ ಬಾಟಲಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವವರು ನಮ್ಮ ಊರಿನಲ್ಲಿ ಕಡಿಮೆಯಿಲ್ಲ.

ಅಕ್ಕಿ ಗಿರಣಿಯ ಧೂಳು, ಮಂಡಕ್ಕಿ ಭಟ್ಟಿಯ ಹೊಗೆ, ಸುಗ್ಗಿಯಲ್ಲಿ ಮೆಕ್ಕೆಜೋಳ ಬಡಿಯುವಾಗ ಏಳುವ ಸಿಪ್ಪೆಯ ಪುಡಿ, ಚಿತ್ರದುರ್ಗದ ಕಡೆಯ ಗಾಳಿಯ ಮಣ್ಣು ಇವುಗಳಿಂದ ಅಲರ್ಜಿಯಾಗಿ ಮೂಗು ಕಟ್ಟುವವರಿಗೆ ಬೇರೆ ದಾರಿಯಿದೆ. ಕುದಿಸಿ ಆರಿಸಿದ ನೀರಿನಲ್ಲಿ ಉಪ್ಪಿನ ಪುಡಿ ಕಲಸಿ ಮೂಗು ತೊಳೆಯುವ ಕಿಟ್‌ಗಳು ಸಿಗುತ್ತವೆ. ನಲ್ಲಿಯ ಅಥವಾ ಕೊಳವೆಬಾವಿಯ ಹಸಿ ನೀರನ್ನು ಮೂಗಿಗೆ ಹಾಕಲೇಬಾರದು. ವೈದ್ಯರು ಫ್ಲುಟಿಕಾಸೋನ್ ಅಥವಾ ಮೊಮೆಟಾಸೋನ್ ಸ್ಪ್ರೇ ಬರೆದುಕೊಟ್ಟರೆ ಅದರ ತುದಿಯನ್ನು ಮೂಗಿನ ನಡುಗೋಡೆಯ ಕಡೆಗಲ್ಲ, ಅದೇ ಬದಿಯ ಕಣ್ಣಿನ ಹೊರತುದಿಯ ಕಡೆಗೆ ತಿರುಗಿಸಿ ಹೊಡೆಯಬೇಕು. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ ಬಳಸಿದರೆ ಈ ಕೋನ ತಾನಾಗಿ ಬರುತ್ತದೆ. ಪೂರ್ಣ ಗುಣ ಕಾಣಲು ಒಂದೆರಡು ವಾರ ಬೇಕಾಗುವುದರಿಂದ ಮೂರನೆಯ ದಿನಕ್ಕೆ ಕೈಬಿಡಬೇಡಿ.

ಮ್ಯಾಗ್ನೆಟ್ ಕ್ಲಿಪ್, ಬೆರಳಿನ ಉಂಗುರ, ‘ಮೈಕ್ರೋ ಸಿಪ್ಯಾಪ್’ ಅಂತ ಐನೂರು ರೂಪಾಯಿಗೆ ಬರುತ್ತಲ್ಲ, ತರಿಸ್ಲಾ?

ತರಿಸಬೇಡಿ. ಮೂಗಿನ ಕ್ಲಿಪ್ಪಿನ ತುದಿಯಲ್ಲಿರುವ ಆಯಸ್ಕಾಂತಕ್ಕೆ ಕ್ಲಿಪ್ ಬೀಳದಂತೆ ಹಿಡಿದಿಡುವುದರ ಹೊರತು ಗೊರಕೆಯ ಮೇಲೆ ಯಾವ ಪರಿಣಾಮವೂ ಇಲ್ಲ. ಬೆರಳಿನ ಉಂಗುರಕ್ಕೆ ನಂಬಬಹುದಾದ ಆಧಾರವಿಲ್ಲ. ಮೂಗಿಗೆ ಸಿಕ್ಕಿಸುವ, ಪುಟ್ಟ ಫ್ಯಾನ್ ಇರುವ ‘ಮೈಕ್ರೋ ಸಿಪ್ಯಾಪ್’ ಹೆಸರಿನ ವಸ್ತುಗಳ ಬಗ್ಗೆ ವಿಶೇಷ ಎಚ್ಚರ ಬೇಕು: ಮುಚ್ಚಿದ ಗಂಟಲನ್ನು ತೆರೆದಿಡಲು ಬೇಕಾದ ಒತ್ತಡವನ್ನು ಅಂಗುಷ್ಠದಷ್ಟು ದೊಡ್ಡ ಆ ಫ್ಯಾನ್ ಹುಟ್ಟಿಸಲಾರದು, ಆದರೆ ಹೆಸರು ಮಾತ್ರ ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಡುವ ನಿಜವಾದ ಸಿಪ್ಯಾಪ್ ಯಂತ್ರದ್ದಾದ್ದರಿಂದ ರೋಗಿಯು ಚಿಕಿತ್ಸೆ ನಡೆಯುತ್ತಿದೆಯೆಂದು ನಂಬಿ ಕಾಲ ಕಳೆಯುತ್ತಾನೆ. ಐನೂರು ರೂಪಾಯಿಗಿಂತ ಆ ಕಳೆದ ಕಾಲದ ಬಗ್ಗೆ ನನಗೆ ಹೆಚ್ಚು ಸಂಕಟ.

ಬಾಯಿಗೆ ಟೇಪ್ ಅಂಟಿಸ್ಕೊಂಡು ಮಲಗೋದು, ಗದ್ದಕ್ಕೆ ಪಟ್ಟಿ ಕಟ್ಟೋದು ಸರಿನಾ?

ಬಾಯಿ ತೆರೆದುಕೊಳ್ಳುವುದು ಬಹಳ ಸಲ ಮೂಗು ಕಟ್ಟಿರುವುದರ ಫಲ. ಮೂಗು ಕಟ್ಟಿದವರು, ವಾಂತಿಯ ಸಂಭವವಿರುವವರು, ಮದ್ಯ ಕುಡಿದವರು ಟೇಪ್ ಹಾಕಿಕೊಂಡರೆ ಜೀವಕ್ಕೇ ಅಪಾಯ, ಮಕ್ಕಳಿಗಂತೂ ಕೂಡದು. ಗದ್ದದ ಪಟ್ಟಿ ಬಾಯಿಯನ್ನು ಮುಚ್ಚುತ್ತದೆಯೇ ಹೊರತು ನಾಲಿಗೆಯನ್ನು ಮುಂದಕ್ಕೆ ತರುವುದಿಲ್ಲ, ಆದ್ದರಿಂದ ಅದೊಂದರಿಂದಲೇ ಉಸಿರು ಕಟ್ಟುವುದು ನಿಲ್ಲದು.

ಅಜ್ಜಿ ಮೂಗಿಗೆ ತುಪ್ಪ, ಎಳ್ಳೆಣ್ಣೆ ಬಿಡೋಕೆ ಹೇಳ್ತಾರೆ. ಬಿಡ್ಲಾ?

ಚಳಿಗಾಲದಲ್ಲಿ ಮೂಗಿನ ಒಳಗೆ ಒಣಗಿ ಬಿರುಕುಬಿಟ್ಟಾಗ ಬೆರಳ ತುದಿಯಲ್ಲಿ ಒಂದಿಷ್ಟು ತುಪ್ಪ ಸವರುವುದರಲ್ಲಿ ತೊಂದರೆಯಿಲ್ಲ. ಆದರೆ ದಿನವೂ ಮಲಗುವಾಗ ಎಣ್ಣೆ ಸುರಿದುಕೊಂಡರೆ ಅದು ನಿದ್ದೆಯಲ್ಲಿ ಶ್ವಾಸಕೋಶಕ್ಕೆ ಇಳಿದು, ಕಾಲಕ್ರಮದಲ್ಲಿ ಒಂದು ಬಗೆಯ ನ್ಯುಮೋನಿಯಾ ತರಬಹುದು. ಆಯುರ್ವೇದ ವೈದ್ಯರ ಕಣ್ಣೆದುರು, ಹಗಲಿನಲ್ಲಿ, ಕ್ರಮಬದ್ಧವಾಗಿ ನಡೆಯುವ ನಸ್ಯ ಇದಕ್ಕಿಂತ ಬೇರೆ. ಬಿಸಿನೀರಿನ ಹಬೆ ನೆಗಡಿಯ ದಿನಗಳಿಗೆ ಹಿತ. ಅರಿಸಿನದ ಹಾಲು ಗಂಟಲಿನ ಇಕ್ಕಟ್ಟನ್ನು ಬದಲಿಸುವುದಿಲ್ಲ.

ಬಿಸಿನೀರಲ್ಲಿ ಅದ್ದಿ ಕಚ್ಚೋ ಮೌತ್‌ಪೀಸ್ ತಗೊಳ್ಳೋದಾ, ಹಲ್ಲಿನ ಡಾಕ್ಟರ್ ಹತ್ರ ಮಾಡಿಸೋದಾ?

ಸಾಧ್ಯವಿದ್ದರೆ ಹಲ್ಲಿನ ವೈದ್ಯರಲ್ಲಿಯೇ ಮಾಡಿಸಿ. ಯಂತ್ರವಲ್ಲದ ಸಾಧನಗಳಲ್ಲಿ ಹೆಚ್ಚು ಆಧಾರವಿರುವುದು ಇದಕ್ಕೇ: ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಹಿಡಿದಿಟ್ಟು, ನಾಲಿಗೆಯ ಬುಡವನ್ನೂ ಅದರೊಡನೆ ಮುಂದಕ್ಕೆ ತರುವ ಈ ಸಾಧನ ಬರೀ ಗೊರಕೆಗೂ, ಸೌಮ್ಯ ಮತ್ತು ಮಧ್ಯಮ ಪ್ರಮಾಣದ ಸ್ಲೀಪ್ ಆಪ್ನಿಯಾಕ್ಕೂ ಉಪಯೋಗಕ್ಕೆ ಬರುತ್ತದೆ. ಬಿಸಿನೀರಿನಲ್ಲಿ ಮೆದುವಾಗಿಸಿ ಕಚ್ಚುವ ಅಗ್ಗದ ಬಗೆಯು ದಪ್ಪವಾಗಿದ್ದು ರಾತ್ರಿ ಕಳಚಿಬೀಳುತ್ತದೆ, ದವಡೆ ಎಷ್ಟು ಮುಂದೆ ಬರಬೇಕೆಂಬುದನ್ನು ಅದರಲ್ಲಿ ಸೂಕ್ಷ್ಮವಾಗಿ ಹೊಂದಿಸಲಾಗದು. ವೈದ್ಯರು ಮಾಡಿಕೊಡುವುದರಲ್ಲಿ ಹಲ್ಲಿನ ಅಚ್ಚು ತೆಗೆದು, ದವಡೆ ಗರಿಷ್ಠವಾಗಿ ಮುಂದೆ ಚಾಚುವ ದೂರದ ಅರ್ಧದಿಂದ ಆರಂಭಿಸಿ, ವಾರಗಳ ಅಂತರದಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾರೆ.

ದಾವಣಗೆರೆಯಲ್ಲಿ ಬಾಪೂಜಿ ದಂತ ವೈದ್ಯಕೀಯ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್, ಚಿತ್ರದುರ್ಗದಲ್ಲಿ ಎಸ್‌ಜೆಎಂ ದಂತ ಕಾಲೇಜು ಇರುವುದು ನಮ್ಮ ಭಾಗದ ಅನುಕೂಲ. ಅಲ್ಲಿನ ಹೊರರೋಗಿ ವಿಭಾಗದಲ್ಲಿ ವಿಚಾರಿಸಬಹುದು. ಹಲ್ಲು ಅಲುಗುತ್ತಿದ್ದರೆ, ವಸಡಿನ ರೋಗವಿದ್ದರೆ, ದವಡೆಯ ಕೀಲಿನಲ್ಲಿ ನೋವಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ಪೂರ್ತಿ ಕಟ್ಟಿಸಿದ ಹಲ್ಲಿನವರಿಗೆ ಇದು ನಿಲ್ಲುವುದಿಲ್ಲ. ಅಂಥವರಿಗೆ ನಾಲಿಗೆಯ ತುದಿಯನ್ನು ಗುಳ್ಳೆಯಂಥ ಮೆದು ಭಾಗದೊಳಗೆ ಹೀರಿ ಹಿಡಿಯುವ ಬೇರೆ ಸಾಧನವಿದೆ. ಆರಂಭದ ದಿನಗಳಲ್ಲಿ ಜೊಲ್ಲು ಸುರಿಯುವುದು, ಬೆಳಿಗ್ಗೆ ದವಡೆ ಬಿಗಿಯುವುದು ಸಹಜ. ವರ್ಷಗಳ ಬಳಕೆಯಲ್ಲಿ ಹಲ್ಲಿನ ಕಚ್ಚುವಿಕೆ ಬದಲಾಗಬಹುದಾದ್ದರಿಂದ ತಪಾಸಣೆಯನ್ನು ನಿಲ್ಲಿಸಬಾರದು.

## ಪರೀಕ್ಷೆ

ಸ್ಲೀಪ್ ಸ್ಟಡಿ ಅಂದ್ರೇನು? ಯಾವ ಡಾಕ್ಟರ್ ಹತ್ರ ಹೋಗ್ಬೇಕು?

ಕಿವಿ-ಮೂಗು-ಗಂಟಲು ತಜ್ಞರು ಅಥವಾ ಶ್ವಾಸಕೋಶ ತಜ್ಞರಿಂದ ಆರಂಭಿಸಬಹುದು. ದಾವಣಗೆರೆಯ ಜೆಜೆಎಂ ಮತ್ತು ಎಸ್ಎಸ್ ವೈದ್ಯಕೀಯ ಕಾಲೇಜುಗಳಲ್ಲಿ, ಚಿತ್ರದುರ್ಗದ ಬಸವೇಶ್ವರ ವೈದ್ಯಕೀಯ ಕಾಲೇಜಿನಲ್ಲಿ ಇಂಥ ತಜ್ಞರಿದ್ದಾರೆ. ಪರೀಕ್ಷೆಯಲ್ಲಿ ಎರಡು ಬಗೆಯಿದೆ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ಮೆದುಳಿನ ಅಲೆ, ಕಣ್ಣಿನ ಚಲನೆ, ಉಸಿರು, ಆಮ್ಲಜನಕ, ಹೃದಯದ ಬಡಿತ ಎಲ್ಲವನ್ನೂ ದಾಖಲಿಸುವುದು ಪೂರ್ಣ ಪರೀಕ್ಷೆ. ಮೂಗಿಗೆ ಸಣ್ಣ ಕೊಳವೆ, ಎದೆಗೆ ಪಟ್ಟಿ, ಬೆರಳಿಗೆ ಸೆನ್ಸರ್ ಕಟ್ಟಿಕೊಂಡು ಮನೆಯಲ್ಲೇ ಮಲಗುವುದು ಚಿಕ್ಕ ಪರೀಕ್ಷೆ. ಬೇರೆ ದೊಡ್ಡ ಕಾಯಿಲೆಯಿಲ್ಲದವರಿಗೆ ಎರಡನೆಯದು ಸಾಮಾನ್ಯವಾಗಿ ಸಾಕು, ಖರ್ಚೂ ಕಡಿಮೆ.

ವರದಿಯಲ್ಲಿ ನೋಡಬೇಕಾದ ಮುಖ್ಯ ಅಂಕಿ ಎಎಚ್ಐ. ಹತ್ತು ಸೆಕೆಂಡು ಅಥವಾ ಹೆಚ್ಚು ಹೊತ್ತು ಉಸಿರು ನಿಂತದ್ದು ಅಥವಾ ತೀರ ಕುಗ್ಗಿದ್ದು ಗಂಟೆಗೆ ಸರಾಸರಿ ಎಷ್ಟು ಬಾರಿ ಎಂಬುದನ್ನು ಅದು ಹೇಳುತ್ತದೆ. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ ಸಹಜ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಇದರ ಜೊತೆಗೆ ಆಮ್ಲಜನಕ ಎಷ್ಟರವರೆಗೆ ಇಳಿದಿದೆ, ಅಂಗಾತವಾಗಿದ್ದಾಗ ಮಾತ್ರ ಹೆಚ್ಚಿದೆಯೇ ಎಂಬುದನ್ನೂ ಕೇಳಿ ತಿಳಿಯಿರಿ. ಸಾಧನದ ಆಯ್ಕೆ ಅದರ ಮೇಲೆ ನಿಂತಿದೆ.

ಕೊರೊನಾ ಟೈಮಲ್ಲಿ ತಗೊಂಡ ಆಕ್ಸಿಮೀಟರ್ ಮನೇಲೈತೆ. ಅದರಲ್ಲೇ ನೋಡ್ಕೊಂಡ್ರೆ ಆಗಲ್ವಾ?

ಎಚ್ಚರವಿದ್ದಾಗ 97 ತೋರಿಸಿದರೆ ಅದು ನಿದ್ದೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ರಾತ್ರಿಯಿಡೀ ದಾಖಲಿಸಿಕೊಳ್ಳುವ ಆಕ್ಸಿಮೀಟರ್ ಬೇರೆಯೇ ಇದೆ. ಗೊರಕೆ ದಾಖಲಿಸುವ ಮೊಬೈಲ್ ಆ್ಯಪ್‌ಗಳು ಮತ್ತು ಸ್ಮಾರ್ಟ್‌ವಾಚ್‌ಗಳು ಅನುಮಾನ ಮೂಡಿಸಲು, ಮಗ್ಗುಲು ಬದಲಿಸಿದಾಗ ಸದ್ದು ತಗ್ಗಿತೇ ಎಂದು ಹೋಲಿಸಲು ಉಪಯುಕ್ತ. ಅವುಗಳನ್ನು ನಂಬಿ ರೋಗವಿಲ್ಲವೆಂದು ತೀರ್ಮಾನಿಸಬಾರದು.

## ಸಿಪ್ಯಾಪ್ ಯಂತ್ರ

ಆ ಮಾಸ್ಕ್ ಮಷೀನ್ ಆಕ್ಸಿಜನ್ ಕೊಡುತ್ತಾ? ಒಮ್ಮೆ ಹಾಕಿದ್ರೆ ಬಿಡೋಕಾಗಲ್ವಂತೆ?

ಅದರಲ್ಲಿ ಬರುವುದು ಕೋಣೆಯ ಗಾಳಿಯೇ. ಫಿಲ್ಟರಿನಲ್ಲಿ ಸೋಸಿದ ಆ ಗಾಳಿಯನ್ನು ಹದವಾದ ಒತ್ತಡದಲ್ಲಿ ಕಳುಹಿಸಿ, ಗಂಟಲು ಕುಸಿಯದಂತೆ ಒಳಗಿನಿಂದ ಆತುಕೊಡುವುದು ಯಂತ್ರದ ಕೆಲಸ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ಮಧ್ಯಮ ಮತ್ತು ತೀವ್ರ ಸ್ಲೀಪ್ ಆಪ್ನಿಯಾಕ್ಕೆ ಇಂದಿಗೂ ಇದೇ ಮೊದಲ ಆಯ್ಕೆ. ಚಟವಾಗುವಂಥದ್ದು ಇದರಲ್ಲಿ ಏನೂ ಇಲ್ಲ. ಕನ್ನಡಕ ತೆಗೆದರೆ ಕಣ್ಣು ಮೊದಲಿನಂತೆಯೇ ಇರುವ ಹಾಗೆ, ಯಂತ್ರ ಬಿಟ್ಟರೆ ರೋಗವೂ ಮೊದಲಿದ್ದಲ್ಲಿಗೆ ಬರುತ್ತದೆ. ತೂಕ ಚೆನ್ನಾಗಿ ಇಳಿಸಿದವರು ಮರುಪರೀಕ್ಷೆ ಮಾಡಿಸಿ ಯಂತ್ರ ಬಿಟ್ಟ ಉದಾಹರಣೆಗಳೂ ಇವೆ.

ಮಷೀನ್ ತಗೊಳ್ಳುವಾಗ ಏನು ನೋಡ್ಬೇಕು? ಸೆಕೆಂಡ್ ಹ್ಯಾಂಡ್ ತಗೋಬೋದಾ?

ಯಂತ್ರಕ್ಕಿಂತ ಹೆಚ್ಚು ಹೊತ್ತನ್ನು ಮಾಸ್ಕಿಗೆ ಕೊಡಿ, ಏಕೆಂದರೆ ಜನರು ಯಂತ್ರ ಬಿಡುವುದು ಹೆಚ್ಚಾಗಿ ಮಾಸ್ಕಿನ ಕಿರಿಕಿರಿಗೆ. ಮೂಗನ್ನಷ್ಟೇ ಮುಚ್ಚುವುದು, ಹೊಳ್ಳೆಗಳಿಗೆ ಮೆತ್ತೆಯಂತೆ ಆತುಕೊಳ್ಳುವುದು, ಮೂಗು-ಬಾಯಿ ಎರಡನ್ನೂ ಮುಚ್ಚುವುದು ಎಂದು ಮೂರು ಬಗೆಯಿವೆ. ಅಂಗಡಿಯಲ್ಲಿ ಕೂತು ಮುಖಕ್ಕೆ ಹಿಡಿದು ನೋಡುವುದು ಸಾಲದು. ಮಲಗಿ, ಗಾಳಿ ಚಾಲೂ ಮಾಡಿ, ಎರಡೂ ಮಗ್ಗುಲಿಗೆ ಹೊರಳಿ, ಕಣ್ಣಿನ ಕಡೆಗೆ ಗಾಳಿ ಸೋರುತ್ತದೆಯೇ ಎಂದು ಪರೀಕ್ಷಿಸಬೇಕು. ದಟ್ಟ ಮೀಸೆ-ಗಡ್ಡ ಇರುವವರಿಗೆ ದೊಡ್ಡ ಮಾಸ್ಕಿಗಿಂತ ಹೊಳ್ಳೆಯ ಮೆತ್ತೆ ಚೆನ್ನಾಗಿ ಕೂಡುತ್ತದೆ.

ಯಂತ್ರದ ವಿಷಯದಲ್ಲಿ, ಒಂದೇ ಒತ್ತಡ ಕೊಡುವುದೋ, ರಾತ್ರಿಯ ಅಗತ್ಯಕ್ಕೆ ತಕ್ಕಂತೆ ತಾನೇ ಬದಲಿಸುವ ‘ಆಟೋ’ ಬಗೆಯೋ, ಉಸಿರು ಎಳೆಯುವಾಗ ಮತ್ತು ಬಿಡುವಾಗ ಬೇರೆ ಬೇರೆ ಒತ್ತಡ ಕೊಡುವ ಬೈಪ್ಯಾಪ್ ಬೇಕೋ ಎಂಬುದನ್ನು ವೈದ್ಯರೇ ಬರೆಯಬೇಕು. ಬೆಲೆ ಹತ್ತಾರು ಸಾವಿರ ರೂಪಾಯಿ ಆಗುವುದರಿಂದ ಕೆಲವು ವಾರ ಬಾಡಿಗೆಗೆ ಪಡೆದು ಒಗ್ಗುತ್ತದೆಯೇ ಎಂದು ನೋಡಿ ಕೊಳ್ಳುವುದು ಜಾಣತನ. ಬಳಕೆಯ ಗಂಟೆ, ಸೋರಿಕೆ, ಯಂತ್ರ ಹಾಕಿದ ಮೇಲೂ ಉಳಿದಿರುವ ಎಎಚ್ಐ ಇವುಗಳನ್ನು ದಾಖಲಿಸುವ ಯಂತ್ರವನ್ನೇ ಆರಿಸಿ. ಹಳೆಯ ಯಂತ್ರ ಕೊಳ್ಳುವವರಿಗೆ ಒಂದು ಎಚ್ಚರಿಕೆ: ಒಳಗಿನ ಸದ್ದು ತಗ್ಗಿಸುವ ಫೋಮ್ ಪುಡಿಯಾಗುತ್ತದೆಂಬ ಕಾರಣಕ್ಕೆ ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ತನ್ನ ಹಲವು ಮಾದರಿಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಕರೆಯಿತು. ಆ ಕಾಲದ ಯಂತ್ರಗಳು ಇನ್ನೂ ಕೈಬದಲಾಗುತ್ತಿರಬಹುದು; ಮಾದರಿ ಮತ್ತು ಸೀರಿಯಲ್ ಸಂಖ್ಯೆ ಪರಿಶೀಲಿಸದೆ ಮುಟ್ಟಬೇಡಿ. ಮಾಸ್ಕ್ ಮತ್ತು ಕೊಳವೆಯನ್ನಂತೂ ಹೊಸದನ್ನೇ ಕೊಳ್ಳಿ.

ಹಳ್ಳಿ ಕಡೆ ರಾತ್ರಿ ಕರೆಂಟ್ ಹೋಗುತ್ತೆ, ಬೋರ್ ನೀರು ಗಡಸು, ಧೂಳು ಬೇರೆ. ಮಷೀನ್ ತಡೆಯುತ್ತಾ?

ಸ್ವಲ್ಪ ಜತನ ಮಾಡಿದರೆ ತಡೆಯುತ್ತದೆ. ಕರೆಂಟ್ ಹೋದಾಗ ಮಾಸ್ಕಿನ ರಂಧ್ರಗಳಿಂದ ಉಸಿರಾಡಲು ಸಾಧ್ಯವಿರುವುದರಿಂದ ಹೆದರುವ ಅಗತ್ಯವಿಲ್ಲ, ಆದರೆ ಚಿಕಿತ್ಸೆ ನಿಲ್ಲುತ್ತದೆ. ಗಾಳಿಗೆ ತೇವಾಂಶ ಸೇರಿಸಲು ನೀರು ಬಿಸಿ ಮಾಡುವ ಡಬ್ಬಿಯನ್ನು ಆಫ್ ಮಾಡಿದರೆ ಯಂತ್ರ ಸಾಮಾನ್ಯವಾಗಿ 30ರಿಂದ 60 ವಾಟ್ ಮಾತ್ರ ಎಳೆಯುತ್ತದೆ. ಮನೆಯ ಇನ್ವರ್ಟರ್ ರಾತ್ರಿಯಿಡೀ ನಡೆಸಬಲ್ಲದು. ಇನ್ವರ್ಟರ್ ‘ಪ್ಯೂರ್ ಸೈನ್ ವೇವ್’ ಬಗೆಯದಾಗಿರಲಿ.

ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಲವಣವೂ ಫ್ಲೋರೈಡೂ ಹೆಚ್ಚು. ಅಂಥ ನೀರನ್ನು ಕುದಿಸಿ ಹಾಕಿದರೂ ಡಬ್ಬಿಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಔಷಧ ಅಂಗಡಿಯ ಡಿಸ್ಟಿಲ್ಡ್ ನೀರನ್ನೇ ಬಳಸಿ, ಬೆಳಿಗ್ಗೆ ಉಳಿದದ್ದನ್ನು ಚೆಲ್ಲಿ ಡಬ್ಬಿಯನ್ನು ಒಣಗಿಸಿ. ಮಾಸ್ಕಿನ ಮೆತ್ತೆಯನ್ನು ದಿನವೂ ಒರೆಸಬೇಕು, ಕೊಳವೆಯನ್ನು ವಾರಕ್ಕೊಮ್ಮೆ ಸಾಬೂನು ನೀರಿನಲ್ಲಿ ತೊಳೆಯಬೇಕು. ಫಿಲ್ಟರ್ ಕಂದುಬಣ್ಣಕ್ಕೆ ತಿರುಗಿದ ಕೂಡಲೇ, ಕೈಪಿಡಿಯಲ್ಲಿ ಹೇಳಿದ ಅವಧಿ ಮುಗಿಯದಿದ್ದರೂ, ಬದಲಿಸಿ.

ಮೂರು ದಿನ ಹಾಕಿದೆ, ಉಸಿರು ಕಟ್ಟಿದಂಗಾಗುತ್ತೆ. ಮೂಲೆಗಿಟ್ಟಿದ್ದೀನಿ.

ದಯವಿಟ್ಟು ಮತ್ತೆ ಹೊರಗೆ ತೆಗೆಯಿರಿ. ಸಂಜೆ ಟಿ.ವಿ. ನೋಡುವಾಗ ಅರ್ಧ ಗಂಟೆ ಮಾಸ್ಕ್ ಹಾಕಿಕೊಂಡು ಕೂತು ಅಭ್ಯಾಸ ಮಾಡಿ, ಒತ್ತಡ ಮೆಲ್ಲನೆ ಏರುವ ‘ರ‍್ಯಾಂಪ್’ ಸೌಲಭ್ಯವನ್ನು ಚಾಲೂ ಮಾಡಿ. ಮೂಗು ಒಣಗಿದರೆ ತೇವಾಂಶ ಹೆಚ್ಚಿಸಿ, ಮೂಗು ಕಟ್ಟುತ್ತಿದ್ದರೆ ಅದಕ್ಕೆ ಮೊದಲು ಔಷಧ ಮಾಡಿ. ಕೆಲವು ದೇಶಗಳಲ್ಲಿ ರಾತ್ರಿಗೆ ಕನಿಷ್ಠ ನಾಲ್ಕು ಗಂಟೆಯ ಬಳಕೆಯನ್ನು ಒಗ್ಗಿದ್ದರ ಅಳತೆಯಾಗಿ ಇಟ್ಟುಕೊಂಡಿದ್ದಾರೆ. ಮೊದಲ ತಿಂಗಳ ಗುರಿ ಅಷ್ಟಿರಲಿ.

## ವಿಶೇಷ ಸಂದರ್ಭಗಳು, ಮುಂದಿನ ಚಿಕಿತ್ಸೆಗಳು

ಐದು ವರ್ಷದ ಮಗ ಬಾಯಿ ತೆಗೆದು ಗೊರಕೆ ಹೊಡೀತಾನೆ. ಏನು ಕೊಡ್ಲಿ?

ಮಕ್ಕಳಿಗೆ ಮೇಲಿನ ಯಾವ ಸಾಧನವನ್ನೂ ಕೊಳ್ಳಬೇಡಿ. ವಾರದಲ್ಲಿ ಮೂರು ರಾತ್ರಿ ಅಥವಾ ಹೆಚ್ಚು ಗೊರಕೆ ಬರುವ ಮಗುವನ್ನು ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಈ ವಯಸ್ಸಿನಲ್ಲಿ ಮೂಗಿನ ಹಿಂಬದಿಯ ಮೃದು ಗಂಟಾದ ಅಡಿನಾಯ್ಡ್ ಮತ್ತು ಟಾನ್ಸಿಲ್ ಬೆಳೆದಿರುವುದೇ ಹೆಚ್ಚಿನ ಕಾರಣ. ಅಂಥ ಮಕ್ಕಳು ಹಗಲಿನಲ್ಲಿ ತೂಕಡಿಸುವ ಬದಲು ಚಡಪಡಿಸುತ್ತಾರೆ, ಪಾಠದಲ್ಲಿ ಮನಸ್ಸಿಡುವುದಿಲ್ಲ, ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳುತ್ತಾರೆ, ತೂಕ ಏರುವುದಿಲ್ಲ. ಹಠಮಾರಿ, ದಡ್ಡ ಎಂದು ಮಗುವನ್ನು ಬಯ್ಯುವ ಮೊದಲು ಒಮ್ಮೆ ಅದರ ಉಸಿರನ್ನು ಕೇಳಿ.

ನಾನು ಲಾರಿ ಡ್ರೈವರ್. ಸ್ಟೇರಿಂಗ್ ಮೇಲೇ ಕಣ್ಣು ಎಳೀತಾವೆ. ಚಹಾ ಕುಡಿದ್ರೆ ಸಾಕಲ್ವಾ?

ಸಾಲದು. ಚಿಕಿತ್ಸೆಯಿಲ್ಲದ ಸ್ಲೀಪ್ ಆಪ್ನಿಯಾ ಇರುವವರಿಗೆ ವಾಹನ ಅಪಘಾತದ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಹರಿಹರದಿಂದ ಹಿರಿಯೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾತ್ರಿಯಿಡೀ ಓಡಿಸುವವರು ಈ ಪರೀಕ್ಷೆಯನ್ನು ಎಲ್ಲರಿಗಿಂತ ಮೊದಲು ಮಾಡಿಸಬೇಕು. 1991ರಲ್ಲಿ ಮೆಲ್ಬರ್ನಿನ ವೈದ್ಯ ಮರ್ರೆ ಜಾನ್ಸ್ ರೂಪಿಸಿದ ಎಪ್‌ವರ್ತ್ ಪಟ್ಟಿಯಲ್ಲಿ ಓದುವಾಗ, ಟಿ.ವಿ. ನೋಡುವಾಗ, ಸಿಗ್ನಲಿನಲ್ಲಿ ನಿಂತಾಗ ಹೀಗೆ ಎಂಟು ಸಂದರ್ಭಗಳಲ್ಲಿ ತೂಕಡಿಕೆ ಎಷ್ಟು ಎಂಬುದಕ್ಕೆ 0ಯಿಂದ 3 ಅಂಕ ಹಾಕಬೇಕು. 24ರಲ್ಲಿ 10 ದಾಟಿದರೆ ಹಗಲಿನ ನಿದ್ದೆ ಅತಿಯಾಗಿದೆ ಎಂದರ್ಥ. ಚಿಕಿತ್ಸೆ ಶುರುವಾಗುವವರೆಗೆ ರಾತ್ರಿ ಪಾಳಿಯನ್ನು ಬಿಡಿ, ಕಣ್ಣು ಎಳೆದ ಕೂಡಲೇ ಗಾಡಿ ಬದಿಗೆ ಹಾಕಿ ಮಲಗಿ.

ಆಪರೇಷನ್ ಮಾಡಿಸಿದ್ರೆ ಒಂದೇ ಸಲಕ್ಕೆ ಮುಗಿಯುತ್ತಾ?

ಯಾವ ಜಾಗದ ಇಕ್ಕಟ್ಟು ಎಂಬುದು ಸ್ಪಷ್ಟವಾಗಿದ್ದರೆ ಒಳ್ಳೆಯ ಫಲ ಸಿಗುತ್ತದೆ. ದೊಡ್ಡ ಟಾನ್ಸಿಲ್ ಇರುವವರ ಶಸ್ತ್ರಚಿಕಿತ್ಸೆ ಇದಕ್ಕೆ ಉದಾಹರಣೆ. ಸೊಟ್ಟ ನಡುಗೋಡೆಯನ್ನು ಸರಿಪಡಿಸಿದರೆ ಮೂಗಿನ ಉಸಿರು ಸಲೀಸಾಗಿ, ಸಿಪ್ಯಾಪ್ ಒತ್ತಡವೂ ತಗ್ಗಬಹುದು, ಆದರೆ ಅದೊಂದರಿಂದಲೇ ಆಪ್ನಿಯಾ ಹೋಗುವುದು ಅಪರೂಪ. ಕಿರುನಾಲಿಗೆ ಮತ್ತು ಅಂಗುಳದ ಅಂಚನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು ಶಿರೋ ಫುಜಿತಾ ವರದಿ ಮಾಡಿದ್ದು, ಸಿಪ್ಯಾಪ್ ಬಂದ 1981ರಲ್ಲಿಯೇ. ಅದರ ಫಲ ಎಲ್ಲರಲ್ಲೂ ಒಂದೇ ಸಮನಾಗಿಲ್ಲ, ವರ್ಷಗಳ ಬಳಿಕ ಗೊರಕೆ ಮರಳುವುದೂ ಉಂಟು. ಔಷಧದಿಂದ ನಿದ್ದೆ ಬರಿಸಿ ದುರ್ಬೀನಿನಲ್ಲಿ ಗಂಟಲು ಎಲ್ಲಿ ಕುಸಿಯುತ್ತದೆಂದು ನೋಡುವ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ. ಯಾವುದೇ ಶಸ್ತ್ರಚಿಕಿತ್ಸೆಗೆ, ಅದು ಮೊಣಕಾಲಿನದೇ ಆಗಲಿ, ಅರಿವಳಿಕೆ ವೈದ್ಯರಿಗೆ ನಿಮ್ಮ ಗೊರಕೆಯ ವಿಷಯ ಹೇಳಿ.

ಶಂಖ ಊದಿದ್ರೆ ಗೊರಕೆ ಕಡಿಮೆಯಾಗುತ್ತೆ ಅಂತ ಪೇಪರ್‌ನಲ್ಲಿ ಬಂದಿತ್ತು. ನಿಜಾನಾ?

ಜೈಪುರದಲ್ಲಿ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನ ಅದು. ಮಧ್ಯಮ ಪ್ರಮಾಣದ ಸ್ಲೀಪ್ ಆಪ್ನಿಯಾ ಇದ್ದ 30 ಜನರಲ್ಲಿ ಒಂದು ಗುಂಪು ವಾರಕ್ಕೆ ಐದು ದಿನ, ದಿನಕ್ಕೆ ಕನಿಷ್ಠ 15 ನಿಮಿಷ, ಆರು ತಿಂಗಳು ಶಂಖ ಊದಿತು. ಆಳವಾದ ಉಸಿರಾಟವನ್ನಷ್ಟೇ ಮಾಡಿದವರಿಗಿಂತ ಆ ಗುಂಪಿನಲ್ಲಿ ಗಂಟೆಗೆ ಉಸಿರು ಕಟ್ಟುವುದು ನಾಲ್ಕೈದು ಬಾರಿ ಕಡಿಮೆಯಾಯಿತು, ಹಗಲಿನ ತೂಕಡಿಕೆಯೂ ತಗ್ಗಿತು. ಗಂಟಲು ಮತ್ತು ಅಂಗುಳದ ಸ್ನಾಯುಗಳಿಗೆ ಆಗುವ ವ್ಯಾಯಾಮವೇ ಇದಕ್ಕೆ ಕಾರಣವಿರಬೇಕೆಂಬುದು ಸಂಶೋಧಕರ ಅಭಿಪ್ರಾಯ. ಬ್ರೆಜಿಲ್‌ನಲ್ಲಿ 2009ರಲ್ಲಿ ನಾಲಿಗೆ-ಗಂಟಲಿನ ವ್ಯಾಯಾಮವನ್ನು ಮೂರು ತಿಂಗಳು ಮಾಡಿಸಿದಾಗಲೂ ಇಂಥದೇ ಫಲ ಕಂಡಿತ್ತು. ನಮ್ಮ ದಾಸಯ್ಯಗಳು ಶನಿವಾರ ಮನೆಬಾಗಿಲಲ್ಲಿ ಊದುವ ಶಂಖದ ದಮ್ಮು ನೋಡಿದವರಿಗೆ ಈ ಮಾತು ಅಚ್ಚರಿಯೆನಿಸದು. ಆದರೆ ಅಧ್ಯಯನ ಚಿಕ್ಕದು. ಚಿಕಿತ್ಸೆಯ ಜೊತೆಗೆ ಊದಬಹುದು, ಯಂತ್ರ ಬಿಟ್ಟು ಊದುವಂತಿಲ್ಲ. ಕಣ್ಣಿನ ಒತ್ತಡ, ಹರ್ನಿಯಾ, ಹತೋಟಿಯಲ್ಲಿಲ್ಲದ ಬಿ.ಪಿ. ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಹೊಸದಾಗಿ ಇಂಜೆಕ್ಷನ್ ಬಂದೈತಂತೆ, ಎದೆಯೊಳಗೆ ಇಡೋ ಮಷೀನೂ ಐತಂತೆ. ಅವು ನಮಗೆ ಸಿಗ್ತಾವಾ?

ಬೊಜ್ಜಿನ ಜೊತೆಗೆ ಮಧ್ಯಮ ಅಥವಾ ತೀವ್ರ ಸ್ಲೀಪ್ ಆಪ್ನಿಯಾ ಇರುವ ದೊಡ್ಡವರಿಗೆ ಟಿರ್ಜೆಪಟೈಡ್ ಎಂಬ ವಾರಕ್ಕೊಮ್ಮೆಯ ಇಂಜೆಕ್ಷನ್ನನ್ನು ಬಳಸಲು ಅಮೆರಿಕದ ಔಷಧ ಆಡಳಿತವು 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಭಾರತದಲ್ಲಿ ಅದೇ ಔಷಧ 2025ರ ಮಾರ್ಚ್‌ನಲ್ಲಿ ಮಧುಮೇಹ ಮತ್ತು ತೂಕ ಇಳಿಕೆಗೆಂದು ಮಾರಾಟಕ್ಕೆ ಬಂತು. ತೂಕ ಇಳಿಯುವುದರ ಮೂಲಕವೇ ಅದು ಹೆಚ್ಚಾಗಿ ಕೆಲಸ ಮಾಡುವುದರಿಂದ ತೆಳ್ಳಗಿನವರಿಗೆ ಪ್ರಯೋಜನವಿಲ್ಲ, ನಿಲ್ಲಿಸಿದರೆ ತೂಕ ಮರಳುತ್ತದೆ, ವಾಕರಿಕೆ ಮತ್ತು ಭೇದಿ ಸಾಮಾನ್ಯ. ವೈದ್ಯರ ಚೀಟಿಯಿಲ್ಲದೆ ಯಾರೂ ಕೊಡಕೂಡದು. ಎದೆಯ ಚರ್ಮದ ಕೆಳಗೆ ಇಟ್ಟು, ನಾಲಿಗೆಯ ನರವನ್ನು ಪ್ರಚೋದಿಸುವ ಸಾಧನಕ್ಕೆ ಅಮೆರಿಕದಲ್ಲಿ 2014ರಲ್ಲಿಯೇ ಅನುಮತಿ ಸಿಕ್ಕಿದೆ. ಸಿಪ್ಯಾಪ್ ಒಗ್ಗದ ಆಯ್ದ ರೋಗಿಗಳಿಗೆ ಮೀಸಲಾದ, ಬಲು ದುಬಾರಿಯಾದ ಚಿಕಿತ್ಸೆ ಅದು. ನಮ್ಮ ಜಿಲ್ಲೆಗಳಲ್ಲಿ ಸುಲಭವಾಗಿ ಕೈಗೆಟಕುವಂಥದ್ದಲ್ಲ. ಇವುಗಳಿಗಾಗಿ ಕಾಯುತ್ತ ಕೂರುವ ಬದಲು, ಬಾಡಿಗೆಗೆ ಸಿಗುವ ಸಿಪ್ಯಾಪನ್ನು ಈ ತಿಂಗಳೇ ಹಾಕಿ ನೋಡಿ ಎಂಬುದು ಹೀಗೆ ಕೇಳಿದವರಿಗೆ ನಾನು ಕೊಡುವ ಸಲಹೆ.